ಗೃಹ ವಿದ್ಯುತ್ ಶೇಖರಣೆ: ಬ್ಯಾಟರಿ ತುಂಬುವ ಮೂಲಗಳು ಮತ್ತು ಅವುಗಳ ನೈಜ ವೆಚ್ಚ

ನಮ್ಮ ಸದಸ್ಯರಲ್ಲಿ ಅನೇಕರಿಗೆ ಅಂಗಡಿಯ ಮೇಲೆಯೇ ಮನೆ, ಮನೆಯ ಒಂದು ಕೋಣೆಯಲ್ಲಿಯೇ ಕಚೇರಿ. ಅಂತಹವರ ಮನೆಗಳಲ್ಲಿ ಹಳೆಯ ಟ್ಯೂಬುಲರ್ ಬ್ಯಾಟರಿಗಳ ಸ್ಥಾನಕ್ಕೆ ಈಗ ಒಂದರ ಮೇಲೊಂದು ಜೋಡಿಸಬಹುದಾದ ಲಿಥಿಯಂ ಮಾಡ್ಯೂಲ್‌ಗಳು ಬರುತ್ತಿವೆ. ಕೊಳ್ಳುವಾಗ ಬೆಲೆ, ವಾರಂಟಿ, ಎಷ್ಟು ಗಂಟೆ ಬೆಳಕು ಎಂಬಿಷ್ಟನ್ನು ವಿಚಾರಿಸಲಾಗುತ್ತದೆ. ಅದನ್ನು ಯಾವ ವಿದ್ಯುತ್ತಿನಿಂದ, ಯಾವ ಹೊತ್ತಿನಲ್ಲಿ, ಎಷ್ಟು ವೇಗದಲ್ಲಿ ತುಂಬಬೇಕು ಎಂಬುದನ್ನು ವಿಚಾರಿಸುವವರು ವಿರಳ. ಬ್ಯಾಟರಿಯು ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ಅದೊಂದು ಉಗ್ರಾಣ ಮಾತ್ರ. ಉಗ್ರಾಣದ ಸರಕಿನ ಬೆಲೆಯಲ್ಲಿ ಖರೀದಿ ದರ, ಸೋರಿಕೆ ಮತ್ತು ಉಗ್ರಾಣದ ಸವಕಳಿ ಈ ಮೂರೂ ಸೇರುತ್ತವೆ ಎಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ.

ಮೊದಲು ಸವಕಳಿಯ ವಿಚಾರ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವ ಲಿಥಿಯಂ ಐರನ್ ಫಾಸ್ಫೇಟ್ ಮಾಡ್ಯೂಲ್‌ನಲ್ಲಿ 3.2 ವೋಲ್ಟ್‌ನ 16 ಕೋಶಗಳು ಸರಣಿಯಲ್ಲಿರುತ್ತವೆ. 51.2 ವೋಲ್ಟ್, 100 ಆಂಪಿಯರ್-ಗಂಟೆ, ಅಂದರೆ ಸುಮಾರು 5.1 ಯೂನಿಟ್. ಇದರಲ್ಲಿ ಶೇ. 90ರಷ್ಟನ್ನು ಬಳಸಬಹುದು. ಹೋಲಿಕೆಗೆ, 12 ವೋಲ್ಟ್, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯ ಸಾಮರ್ಥ್ಯ 1.8 ಯೂನಿಟ್. ಆದರೆ ಅದು ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದು. ಲೆಕ್ಕದ ಸುಲಭಕ್ಕಾಗಿ ಒಂದು ಲಿಥಿಯಂ ಮಾಡ್ಯೂಲ್‌ನ ಬೆಲೆ ಒಂದು ಲಕ್ಷ ರೂಪಾಯಿ ಎಂದು ಭಾವಿಸೋಣ. ದಿನಕ್ಕೊಮ್ಮೆ ತುಂಬಿ ಬರಿದು ಮಾಡುತ್ತ ಹತ್ತು ವರ್ಷ ನಡೆಸಿದರೆ, ಸಾಮರ್ಥ್ಯದ ಕ್ರಮೇಣ ಇಳಿಕೆಯನ್ನೂ ಕಳೆದು ಸುಮಾರು 15,000 ಯೂನಿಟ್ ಹೊರಬರುತ್ತದೆ. ಯೂನಿಟ್ ಒಂದಕ್ಕೆ ಸವಕಳಿ ರೂ. 6.67. ಅದೇ ಮಾಡ್ಯೂಲನ್ನು ವರ್ಷಕ್ಕೆ 50 ಸಲ ಮಾತ್ರ ಬಳಸಿದರೆ ಹತ್ತು ವರ್ಷದಲ್ಲಿ ಸುಮಾರು 2,250 ಯೂನಿಟ್ ಹೊರಬರುತ್ತದೆ, ಸವಕಳಿ ರೂ. 44ಕ್ಕೇರುತ್ತದೆ. ಬಳಸದೆ ಇಟ್ಟರೂ ಬ್ಯಾಟರಿಗೆ ವಯಸ್ಸಾಗುತ್ತದೆ.

ಗ್ರಿಡ್ ವಿದ್ಯುತ್ತಿನಿಂದ ತುಂಬುವುದು

ಇದು ಸರಳವಾದ ಮಾರ್ಗ. ಇನ್ವರ್ಟರ್‌ನೊಳಗಿನ ಚಾರ್ಜರ್ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿ ಬ್ಯಾಟರಿಗೆ ಕೊಡುತ್ತದೆ, ಬಳಸುವಾಗ ಮತ್ತೆ ತಿರುವುಮುರುವು. ಈ ಹೋಗಿಬರುವ ಪಯಣದಲ್ಲಿ ಶೇ. 15ರಷ್ಟು ನಷ್ಟವನ್ನು ಹಿಡಿಯುವುದು ಕ್ಷೇಮ. ಯೂನಿಟ್ ದರ ರೂ. 7 ಎಂದು ಭಾವಿಸಿದರೆ ಹೊರಬರುವ ಯೂನಿಟ್‌ಗೆ ವಿದ್ಯುತ್ ವೆಚ್ಚವೇ ರೂ. 8.24, ಸವಕಳಿ ಸೇರಿ ಸುಮಾರು 15 ರೂಪಾಯಿ.

ದರ ಕಡಿಮೆ ಇರುವ ಹೊತ್ತಿನಲ್ಲಿ ತುಂಬಿ, ಹೆಚ್ಚಿರುವ ಹೊತ್ತಿನಲ್ಲಿ ಬಳಸಿದರೆ ಲಾಭವಿದೆ ಎಂಬ ಮಾತು ಇತ್ತೀಚೆಗೆ ಮಾರಾಟಗಾರರಿಂದ ಕೇಳಿಬರುತ್ತಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಾವಳಿಗೆ ತಂದ ತಿದ್ದುಪಡಿ ಇದಕ್ಕೆ ಆಧಾರ. ಅದರಂತೆ ಸೌರ ವಿದ್ಯುತ್ ಲಭ್ಯವಿರುವ ಹಗಲಿನ ಅವಧಿಯಲ್ಲಿ ದರವು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಗರಿಷ್ಠ ಬೇಡಿಕೆಯ ಅವಧಿಯಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ 1.2 ಪಟ್ಟು, ಇತರರಿಗೆ ಕನಿಷ್ಠ 1.1 ಪಟ್ಟು ಇರಬೇಕು. ಅವಧಿ ಮತ್ತು ದರಗಳನ್ನು ನಿಗದಿಪಡಿಸುವುದು ಆಯಾ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಈ ಕನಿಷ್ಠ ಅಂತರವನ್ನೇ ಹಿಡಿದು ನೋಡೋಣ. ಗೃಹ ಗ್ರಾಹಕರಿಗೆ ಹಗಲಿನ ದರ ರೂ. 5.60, ಸಂಜೆಯ ದರ ರೂ. 7.70. ನಷ್ಟ ಸೇರಿದ ಮೇಲೆ ತುಂಬಿದ ಯೂನಿಟ್‌ನ ವೆಚ್ಚ ರೂ. 6.59. ಉಳಿತಾಯ ರೂ. 1.11, ಸವಕಳಿ ರೂ. 6.67. ವಾಣಿಜ್ಯ ಗ್ರಾಹಕರಿಗೂ ಉಳಿತಾಯ ರೂ. 1.81ನ್ನು ಮೀರದು. ಈ ಅಂತರದಲ್ಲಿ ಕೇವಲ ದರವ್ಯತ್ಯಾಸಕ್ಕಾಗಿ ಬ್ಯಾಟರಿ ಕೊಳ್ಳುವುದು ವ್ಯಾಪಾರವಲ್ಲ. ವಿದ್ಯುತ್ ಕಡಿತಕ್ಕಾಗಿ ಈಗಾಗಲೇ ಕೊಂಡಿದ್ದರೆ ಅಗ್ಗದ ಹೊತ್ತಿನಲ್ಲಿ ತುಂಬುವಂತೆ ಸಮಯ ನಿಗದಿಪಡಿಸುವುದು ಬೇರೆ ಮಾತು.

ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ಣ ಬಿಲ್ ಪಾವತಿಸಬೇಕು. ದಿನವೂ ತುಂಬಿ ಬರಿದು ಮಾಡುವ ಒಂದು ಮಾಡ್ಯೂಲ್‌ನ ನಷ್ಟವೇ ತಿಂಗಳಿಗೆ 20 ಯೂನಿಟ್‌ಗೂ ಹೆಚ್ಚು. 185 ಯೂನಿಟ್ ಬಳಸುವ ಕುಟುಂಬ ಇದರಿಂದಲೇ ಮಿತಿ ದಾಟಬಹುದು. ಅಂತಹ ಮನೆಯಲ್ಲಿ ಬ್ಯಾಟರಿಯನ್ನು ಕಡಿತದ ಸಮಯಕ್ಕಷ್ಟೇ ಮೀಸಲಿಡುವಂತೆ ಇನ್ವರ್ಟರನ್ನು ಹೊಂದಿಸಬೇಕು.

ಸೌರ ಫಲಕಗಳಿಂದ ತುಂಬುವುದು

ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ನಿರೀಕ್ಷಿಸಬಹುದು. ಮಳೆಗಾಲದಲ್ಲಿ, ವಿಶೇಷವಾಗಿ ಮಲೆನಾಡು ಮತ್ತು ಕರಾವಳಿಯಲ್ಲಿ, ಇದು ಬಹಳ ಇಳಿಯುತ್ತದೆ. 2024ರ ಫೆಬ್ರವರಿಯಲ್ಲಿ ಪ್ರಕಟವಾದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟ್ ಹಾಗೂ ಅದಕ್ಕಿಂತ ದೊಡ್ಡ ಘಟಕಕ್ಕೆ ರೂ. 78,000 ಸಹಾಯಧನ ನಿಗದಿಯಾಯಿತು. ಆ ಮೊತ್ತ ಫಲಕಗಳ ಸಾಮರ್ಥ್ಯವನ್ನು ಆಧರಿಸಿದೆ. ಬ್ಯಾಟರಿ ಸೇರಿಸಿದರೆ ಸಹಾಯಧನ ಹೆಚ್ಚುವುದಿಲ್ಲ.

ಫಲಕ ಹಾಕಿಸಿದವರಲ್ಲಿ ಅನೇಕರಿಗೆ ಮೊದಲ ವಿದ್ಯುತ್ ಕಡಿತದ ದಿನ ಅಚ್ಚರಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಗ್ರಿಡ್ ಸಂಪರ್ಕಿತ ಸಾಮಾನ್ಯ ಇನ್ವರ್ಟರ್, ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗಳ ಸುರಕ್ಷತೆಗಾಗಿ, ಗ್ರಿಡ್ ಇಲ್ಲದಾಗ ತಾನೂ ಸ್ಥಗಿತಗೊಳ್ಳಲೇಬೇಕು. ಇದರ ಜೊತೆಗೆ ಬ್ಯಾಟರಿ ತಂದಿಟ್ಟ ಮಾತ್ರಕ್ಕೆ ಅದು ತುಂಬುವುದಿಲ್ಲ. ಒಂದೋ, ಫಲಕದ ನೇರ ವಿದ್ಯುತ್ತನ್ನೇ ಬ್ಯಾಟರಿಗೆ ಕೊಡಬಲ್ಲ ಹೈಬ್ರಿಡ್ ಇನ್ವರ್ಟರ್ ಬೇಕು. ಇದರಲ್ಲಿ ಪರಿವರ್ತನೆಯ ನಷ್ಟ ಕಡಿಮೆ. ಇಲ್ಲವೇ, ಹಳೆಯ ಇನ್ವರ್ಟರನ್ನು ಉಳಿಸಿಕೊಂಡು ಅದರ ಪರ್ಯಾಯ ವಿದ್ಯುತ್ತಿನಿಂದ ತುಂಬಿಕೊಳ್ಳುವ ಪ್ರತ್ಯೇಕ ಬ್ಯಾಟರಿ ಇನ್ವರ್ಟರ್ ಜೋಡಿಸಬೇಕು. ಹೊಸದಾಗಿ ಫಲಕ ಹಾಕಿಸುವವರು ಇಂದು ಬ್ಯಾಟರಿ ಬೇಡವೆನಿಸಿದರೂ ಹೈಬ್ರಿಡ್ ಇನ್ವರ್ಟರನ್ನೇ ಆರಿಸುವುದು ನನ್ನ ದೃಷ್ಟಿಯಲ್ಲಿ ಲೇಸು.

ಬಿಸಿಲು ಉಚಿತವಾದರೂ ಬಿಸಿಲಿನ ಯೂನಿಟ್ ಉಚಿತವಲ್ಲ. ಗ್ರಿಡ್‌ಗೆ ಕೊಟ್ಟಿದ್ದರೆ ಬರುತ್ತಿದ್ದ ಮೊತ್ತವೇ ಅದರ ಬೆಲೆ. ನೆಟ್ ಮೀಟರ್ ಇದ್ದು, ಕೊಟ್ಟ ಯೂನಿಟ್ ಪಡೆದ ಯೂನಿಟ್‌ಗೆ ವಜಾ ಆಗುತ್ತಿರುವವರೆಗೆ ಗ್ರಿಡ್ಡೇ ನಮ್ಮ ಪುಕ್ಕಟೆ ಉಗ್ರಾಣ. ವಜಾ ಆಗದೆ ಉಳಿಯುವ ಹೆಚ್ಚುವರಿಗೆ ಯೂನಿಟ್‌ಗೆ 3 ರೂಪಾಯಿ ದೊರೆಯುತ್ತದೆ ಎಂದು ಭಾವಿಸಿದರೆ, ಶೇ. 10 ನಷ್ಟ ಹಾಗೂ ಸವಕಳಿ ಸೇರಿ ಬ್ಯಾಟರಿಯಿಂದ ಹೊರಬರುವ ಯೂನಿಟ್ ಸುಮಾರು 10 ರೂಪಾಯಿಗೆ ನಿಲ್ಲುತ್ತದೆ.

ಜನರೇಟರ್‌ನಿಂದ ತುಂಬುವುದು

ಸಣ್ಣ ಡೀಸೆಲ್ ಜನರೇಟರ್ ಲೀಟರಿಗೆ ಸುಮಾರು ಮೂರು ಯೂನಿಟ್ ಕೊಡುತ್ತದೆ. ಲೀಟರಿಗೆ ರೂ. 90 ಎಂದರೂ ಯೂನಿಟ್‌ಗೆ 30 ರೂಪಾಯಿ. ಬ್ಯಾಟರಿಯ ಮೂಲಕ ಹಾಯ್ದರೆ 40 ದಾಟುತ್ತದೆ. ಆದರೂ ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಾಲ್ಕು ದೀಪ, ಒಂದು ಕಂಪ್ಯೂಟರ್‌ಗಾಗಿ ಇಡೀ ರಾತ್ರಿ ಓಡುವ ಜನರೇಟರ್ ಅತಿ ಕಡಿಮೆ ಹೊರೆಯಲ್ಲಿ ಓಡುವುದರಿಂದ ಲೀಟರಿಗೆ ಕೊಡುವ ಯೂನಿಟ್ ಅರ್ಧಕ್ಕೆ ಇಳಿಯಬಹುದು. ಅದನ್ನು ಎರಡು ಗಂಟೆ ತಕ್ಕಷ್ಟು ಹೊರೆಯಲ್ಲಿ ಓಡಿಸಿ, ಬ್ಯಾಟರಿ ತುಂಬಿ ನಿಲ್ಲಿಸಿದರೆ ಡೀಸೆಲ್ಲೂ ಉಳಿಯುತ್ತದೆ, ನೆರೆಹೊರೆಯವರ ನಿದ್ರೆಯೂ ಉಳಿಯುತ್ತದೆ.

ಮಾಡ್ಯೂಲ್ ಹೆಚ್ಚಿಸುವಾಗ

ಮಾಡ್ಯೂಲ್ ಸೇರಿಸಿದಂತೆ ಶೇಖರಣೆ ಬೆಳೆಯುತ್ತದೆ, ಚಾರ್ಜರ್ ಬೆಳೆಯುವುದಿಲ್ಲ. 20 ಆಂಪಿಯರ್ ಚಾರ್ಜರ್ ಎಂದರೆ ಸುಮಾರು ಒಂದು ಕಿಲೋವ್ಯಾಟ್. ಅದು ಒಂದು ಮಾಡ್ಯೂಲನ್ನು ಐದಾರು ಗಂಟೆಯಲ್ಲಿ ತುಂಬಿದರೆ, ಮೂರನ್ನು ತುಂಬಲು ಹದಿನೈದು ಗಂಟೆಗೂ ಹೆಚ್ಚು ಬೇಕು. ವಿದ್ಯುತ್ ಪದೇ ಪದೇ ಹೋಗುವ ಊರಿನಲ್ಲಿ ಮೂರನೆಯ ಮಾಡ್ಯೂಲ್ ಎಂದೂ ತುಂಬದೆ ಉಳಿಯುತ್ತದೆ, ಅದಕ್ಕೆ ತೊಡಗಿಸಿದ ಹಣ ಸತ್ತ ಬಂಡವಾಳ.

ಹಳೆಯ ಮತ್ತು ಹೊಸ ಮಾಡ್ಯೂಲನ್ನು ಸಮಾನಾಂತರವಾಗಿ ಜೋಡಿಸುವ ಮುನ್ನ ಎರಡರ ವೋಲ್ಟೇಜ್ ಸಮವಾಗಿರಬೇಕು. ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಭಾರೀ ವಿದ್ಯುತ್ ನುಗ್ಗುತ್ತದೆ. ಹಳೆಯ ಇನ್ವರ್ಟರನ್ನೇ ಮುಂದುವರಿಸುವುದಾದರೆ ಅದರಲ್ಲಿ ಲಿಥಿಯಂ ಆಯ್ಕೆ ಇದೆಯೇ ಎಂದು ನೋಡಬೇಕು. ಸೀಸ-ಆಮ್ಲ ಬ್ಯಾಟರಿಗೆ ಆಗಾಗ ಕೊಡುವ ಹೆಚ್ಚು ವೋಲ್ಟೇಜಿನ ‘ಈಕ್ವಲೈಸೇಷನ್’ ಚಾರ್ಜ್ ಲಿಥಿಯಂಗೆ ಅಪಾಯಕಾರಿ, ಅದನ್ನು ನಿಷ್ಕ್ರಿಯಗೊಳಿಸಿರಬೇಕು. ಬಿಸಿಲಿಗೆ ಕಾಯುವ ತಾರಸಿ ಕೋಣೆಯಲ್ಲಿ ಬ್ಯಾಟರಿ ಇಡುವುದೂ ಬೇಡ.

ತೆರಿಗೆಯ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಸೌರ ಫಲಕಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಸೀಸ-ಆಮ್ಲ ಬ್ಯಾಟರಿಗಳದ್ದು ಶೇ. 28ರಿಂದ 18ಕ್ಕೆ ಇಳಿದು, ಮೊದಲೇ ಶೇ. 18 ಇದ್ದ ಲಿಥಿಯಂ ಬ್ಯಾಟರಿಗೆ ಸಮವಾಯಿತು. ಮನೆ ಬಳಕೆಯ ಬ್ಯಾಟರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಅಂಗಡಿ ಮತ್ತು ಮನೆ ಎರಡಕ್ಕೂ ಒಂದೇ ವ್ಯವಸ್ಥೆಯಿದ್ದರೆ ವ್ಯವಹಾರದ ಪಾಲಿಗೆ ಮಾತ್ರ ಜಮೆಯನ್ನೂ ಸವಕಳಿಯನ್ನೂ ಪಡೆಯಬೇಕು. ಪಾಲು ಎಷ್ಟೆಂಬುದಕ್ಕೆ ಪ್ರತ್ಯೇಕ ಉಪ-ಮೀಟರ್‌ನ ಓದುವಿಕೆಗಿಂತ ಉತ್ತಮ ದಾಖಲೆ ಇಲ್ಲ. ಬ್ಯಾಟರಿ ಅಳವಡಿಸುವ ದಿನವೇ ಅದನ್ನೂ ಹಾಕಿಸಿಕೊಳ್ಳುವುದು ಒಳ್ಳೆಯದು.