ಆಲ್ಪ್ಸ್ ಹಿಮಶಿಖರದಲ್ಲಿ ಹೋಟೆಲ್ ವಾಸ: ಮೋಜಿಗೆ ಮುನ್ನ ಎತ್ತರದ ಲೆಕ್ಕ ತಿಳಿದಿರಲಿ

ದಾವಣಗೆರೆ: ತುಂಗಭದ್ರೆಯ ದಂಡೆಯ ಹರಿಹರ ಸಮುದ್ರ ಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ದಾವಣಗೆರೆ ನಗರ ಸುಮಾರು 600 ಮೀಟರ್. ರಾಜ್ಯದ ಅತ್ಯುನ್ನತ ಶಿಖರವಾದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರವೂ 1,930 ಮೀಟರ್ ಮಾತ್ರ. ಹೀಗಿರುವಾಗ 3,100 ಮೀಟರ್ ಎತ್ತರದ ಕೊಠಡಿಯಲ್ಲಿ, ಕಿಟಕಿಯ ಹೊರಗೆ ಹಿಮ ಸುರಿಯುತ್ತಿರುವಾಗ ರಾತ್ರಿ ಕಳೆಯುವುದೆಂದರೆ ಮಧ್ಯ ಕರ್ನಾಟಕದ ಪ್ರವಾಸಿಗನ ದೇಹಕ್ಕೆ ಸಂಪೂರ್ಣ ಹೊಸ ಅನುಭವ.

ಯುರೋಪ್ ಪ್ರವಾಸ ಇಂದು ಬೆಂಗಳೂರಿನವರಿಗಷ್ಟೇ ಮೀಸಲಾಗಿ ಉಳಿದಿಲ್ಲ. ನಿವೃತ್ತರಾದ ತಂದೆ-ತಾಯಿಯನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸುವ ಮಕ್ಕಳು, ಮಧುಚಂದ್ರಕ್ಕೆ ಹಿಮದ ನಾಡನ್ನು ಆಯ್ದುಕೊಳ್ಳುವ ನವದಂಪತಿಗಳು ಜಿಲ್ಲಾ ಕೇಂದ್ರಗಳಲ್ಲಿಯೂ ಇದ್ದಾರೆ. ಆದರೆ ಹಿಮಶಿಖರವನ್ನು ನೋಡಿ ಬರುವುದಕ್ಕೂ ಅಲ್ಲಿಯೇ ಮಲಗುವುದಕ್ಕೂ ಇರುವ ಅಂತರ ಅನೇಕರ ಗಮನಕ್ಕೆ ಬರುವುದಿಲ್ಲ.

ಏನಿದು ಸ್ಕೀ ಹೋಟೆಲ್?

ದಾವಣಗೆರೆಯಲ್ಲಿ ‘ಹೋಟೆಲ್’ ಎಂದೊಡನೆ ನೆನಪಾಗುವುದು ಬೆಣ್ಣೆ ದೋಸೆ. ಆಲ್ಪ್ಸ್‌ನಲ್ಲಿ ಅದು ವಸತಿಗೃಹ. ಬೆಳಗಿನ ಉಪಾಹಾರ ಹಾಗೂ ರಾತ್ರಿಯ ಊಟ ಸೇರಿಸಿಯೇ ಬಾಡಿಗೆ ನಿಗದಿ ಮಾಡುವ ಪದ್ಧತಿ ಅಲ್ಲಿ ಸಾಮಾನ್ಯ. ಜಾರು ಹಲಗೆಗಳನ್ನು ಇಡಲು ಪ್ರತ್ಯೇಕ ಕೊಠಡಿ, ಒದ್ದೆಯಾದ ಬೂಟುಗಳನ್ನು ಒಣಗಿಸುವ ವ್ಯವಸ್ಥೆ ಇರುತ್ತದೆ.

ಎತ್ತರದಲ್ಲಿ ಆಶ್ರಯ ನೀಡುವ ಪರಂಪರೆ ಅಲ್ಲಿ ಹೊಸದಲ್ಲ. ಸ್ವಿಟ್ಜರ್ಲೆಂಡ್-ಇಟಲಿ ಗಡಿಯ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ, ಸುಮಾರು 2,470 ಮೀಟರ್ ಎತ್ತರದಲ್ಲಿ, 11ನೇ ಶತಮಾನದಲ್ಲಿಯೇ ಕ್ರೈಸ್ತ ಸಾಧುಗಳು ನಮ್ಮ ಧರ್ಮಛತ್ರವನ್ನು ಹೋಲುವ ತಂಗುದಾಣ ಸ್ಥಾಪಿಸಿದ್ದರು. ಮೋಜಿನ ಪ್ರವಾಸ ಬೆಳೆದದ್ದು ರೈಲು ಬಂದ ನಂತರ. ಜೆರ್ಮಾಟ್ ಗ್ರಾಮದಿಂದ ಗಾರ್ನರ್‌ಗ್ರಾಟ್ ಶಿಖರಕ್ಕೆ ಹಲ್ಲುಹಳಿಯ ವಿದ್ಯುತ್ ರೈಲು 1898ರಲ್ಲಿ ಆರಂಭವಾಯಿತು. ಅದರ ತುದಿಯಲ್ಲಿರುವ ಕುಲ್ಮ್ ಹೋಟೆಲ್ 3,100 ಮೀಟರ್ ಎತ್ತರದಲ್ಲಿದ್ದು, 4,478 ಮೀಟರ್‌ನ ಮ್ಯಾಟರ್‌ಹಾರ್ನ್ ಶಿಖರ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ. ಫ್ರಾನ್ಸ್‌ನ ವಾಲ್ ಥೊರಾನ್ಸ್ ಎಂಬ ಸ್ಕೀ ಊರು 2,300 ಮೀಟರ್ ಎತ್ತರದಲ್ಲಿದೆ.

ಇಷ್ಟು ಎತ್ತರಕ್ಕೆ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ಹಿಮ. ಭೂಮಿಯ ತಾಪಮಾನ ಏರಿದಂತೆ ತಗ್ಗಿನ ಊರುಗಳಲ್ಲಿ ಹಿಮ ವಿರಳವಾಗುತ್ತಿದೆ. ತಾಪಮಾನ 2 ಡಿಗ್ರಿ ಹೆಚ್ಚಿದರೆ, ಕೃತಕ ಹಿಮದ ನೆರವಿಲ್ಲದಿದ್ದಲ್ಲಿ, ಯುರೋಪಿನ 2,234 ಸ್ಕೀ ತಾಣಗಳ ಪೈಕಿ ಶೇ. 53ರಷ್ಟು ತೀವ್ರ ಹಿಮಾಭಾವದ ಅಪಾಯ ಎದುರಿಸಲಿವೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಹೀಗಾಗಿ ಎತ್ತರದ ತಾಣಗಳಿಗೆ ಬೇಡಿಕೆ ಸಹಜ.

ಗಾಳಿ ತೆಳುವಾದಾಗ

ಎತ್ತರ ಹೆಚ್ಚಿದಂತೆ ವಾಯುಭಾರ ಕಡಿಮೆಯಾಗುತ್ತದೆ. ದಾವಣಗೆರೆಯಲ್ಲಿ ಅದು ಸಮುದ್ರ ಮಟ್ಟದ ಸುಮಾರು ಶೇ. 93ರಷ್ಟಿದ್ದರೆ, 3,100 ಮೀಟರ್‌ನಲ್ಲಿ ಶೇ. 68ರ ಆಸುಪಾಸಿನಲ್ಲಿರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಎಲ್ಲೆಡೆ ಶೇ. 21 ಆಗಿದ್ದರೂ, ಒತ್ತಡ ತಗ್ಗುವುದರಿಂದ ಪ್ರತಿ ಉಸಿರಿನಲ್ಲಿ ದೇಹಕ್ಕೆ ದೊರೆಯುವ ಆಮ್ಲಜನಕ ಊರಿಗಿಂತ ಕಾಲುಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ.

ಇದರ ಪರಿಣಾಮ ಅಡುಗೆಮನೆಯಲ್ಲಿಯೂ ಕಾಣುತ್ತದೆ. ದಾವಣಗೆರೆಯಲ್ಲಿ ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು ಅಲ್ಲಿ 90 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವುದು ಕಷ್ಟ. ಚಹಾ ಕೂಡ ಸಪ್ಪೆ ಎನಿಸುತ್ತದೆ.

ದೇಹದ ಮೇಲಿನ ಪರಿಣಾಮ ಇದಕ್ಕಿಂತ ಗಂಭೀರವಾದುದು. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ‘ಎತ್ತರದ ಕಾಯಿಲೆ’ ಕಾಣಿಸಿಕೊಳ್ಳಬಹುದು. ತಲೆನೋವು, ವಾಕರಿಕೆ, ಆಯಾಸ, ತಲೆಸುತ್ತು ಇದರ ಲಕ್ಷಣಗಳು. ಇವು ಬಹುತೇಕ ಮೇಲೆ ತಲುಪಿದ 6ರಿಂದ 12 ಗಂಟೆಗಳ ನಂತರ ಆರಂಭವಾಗುತ್ತವೆ ಎಂಬುದು ಗಮನಾರ್ಹ. 3,454 ಮೀಟರ್‌ನ ಯುಂಗ್‌ಫ್ರಾವ್‌ಯೋಕ್‌ಗೆ ರೈಲಿನಲ್ಲಿ ಹೋಗಿ ಮಧ್ಯಾಹ್ನವೇ ಇಳಿದು ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಆರಾಮವಾಗಿರಲು ಇದೇ ಕಾರಣ. ಮೇಲೆಯೇ ಮಲಗುವವರ ಸ್ಥಿತಿ ಬೇರೆ. ನಿದ್ರೆಯಲ್ಲಿ ಉಸಿರಾಟ ಏರುಪೇರಾಗಿ ರಕ್ತದ ಆಮ್ಲಜನಕ ಮತ್ತಷ್ಟು ಇಳಿಯುತ್ತದೆ. ರಾತ್ರಿ ಪದೇಪದೇ ಎಚ್ಚರವಾಗುತ್ತದೆ.

ತಲೆನೋವನ್ನು ಪ್ರಯಾಣದ ದಣಿವೆಂದು ಭಾವಿಸಿ ನಿದ್ರೆಮಾತ್ರೆ ನುಂಗುವುದು ಅಥವಾ ಮದ್ಯ ಸೇವಿಸುವುದು ಅಪಾಯಕಾರಿ. ವಿಶ್ರಾಂತಿಯಲ್ಲಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಕಂಡುಬಂದರೆ ಶ್ವಾಸಕೋಶದಲ್ಲಿ ಅಥವಾ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ತಡಮಾಡದೆ ಕೆಳಗಿಳಿಯುವುದೇ ಇದಕ್ಕೆ ಮೊದಲ ಚಿಕಿತ್ಸೆ. ರೈಲು ಅಥವಾ ಕೇಬಲ್ ಕಾರು ರಾತ್ರಿ ನಿಂತಿರುವುದರಿಂದ, ಕೊನೆಯ ಗಾಡಿಯ ಸಮಯಕ್ಕೆ ಮುನ್ನವೇ ನಿರ್ಧಾರ ಕೈಗೊಳ್ಳುವುದು ಒಳಿತು. ಗಾಡಿ ಹೋದ ಮೇಲೆ ಇಂತಹ ಲಕ್ಷಣ ಕಂಡರೆ ಬೆಳಗಿನವರೆಗೆ ಕಾಯದೆ ಹೋಟೆಲ್ ಸಿಬ್ಬಂದಿಗೆ ತಿಳಿಸಬೇಕು. ಯುರೋಪಿನಾದ್ಯಂತ ತುರ್ತು ಸಂಖ್ಯೆ 112. ಸ್ವಿಟ್ಜರ್ಲೆಂಡಿನಲ್ಲಿ ಆಂಬುಲೆನ್ಸ್‌ಗೆ 144.

ಯಾರಿಗೆ ಹೆಚ್ಚಿನ ಎಚ್ಚರ?

ಹೃದ್ರೋಗಿಗಳು, ಶ್ವಾಸಕೋಶದ ತೊಂದರೆ ಇರುವವರು, ತೀವ್ರ ರಕ್ತಹೀನತೆ ಇರುವವರು ಹಾಗೂ ಗರ್ಭಿಣಿಯರು ಮುಂಗಡ ಹಣ ಕಟ್ಟುವ ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಎತ್ತರದ ಕಾಯಿಲೆ ತಡೆಗೆ ಅಸಿಟಜೋಲಮೈಡ್ ಎಂಬ ಮಾತ್ರೆ ಬಳಕೆಯಲ್ಲಿದೆಯಾದರೂ, ಅದನ್ನು ಸ್ವಂತ ನಿರ್ಧಾರದಿಂದ ಸೇವಿಸುವಂತಿಲ್ಲ. ಸಲ್ಫಾ ಔಷಧಿ ಒಗ್ಗದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಯೌವನ, ದೇಹದಾರ್ಢ್ಯ ಎರಡೂ ಈ ಕಾಯಿಲೆಯಿಂದ ರಕ್ಷಣೆ ನೀಡುವುದಿಲ್ಲ.

ಸುರಕ್ಷಿತ ಮಾರ್ಗ ಸರಳವಾಗಿದೆ. ವಿಮಾನ ಇಳಿದ ದಿನವೇ ಶಿಖರಕ್ಕೆ ಏರದೆ, ಸುಮಾರು 1,600 ಮೀಟರ್‌ನ ಜೆರ್ಮಾಟ್‌ನಂತಹ ಊರಿನಲ್ಲಿ ಎರಡು ರಾತ್ರಿ ತಂಗಿ, ಅನಂತರ ಮೇಲೆ ಹೋಗಬೇಕು. ಮೊದಲ ದಿನ ಶ್ರಮದ ಕೆಲಸ ಬೇಡ. ಗಾಳಿ ಶುಷ್ಕವಾಗಿರುವುದರಿಂದ ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು. ಹಿಮ ಸೂರ್ಯನ ಅತಿನೇರಳೆ ಕಿರಣಗಳನ್ನು ಶೇ. 80ರವರೆಗೆ ಪ್ರತಿಫಲಿಸುವುದರಿಂದ ಕಪ್ಪು ಕನ್ನಡಕವಿಲ್ಲದೆ ಹೊರಗೆ ಹೋದರೆ ಕಣ್ಣಿಗೆ ಹಾನಿ ತಪ್ಪದು.

ಊಟ, ವಿಮೆ, ವೀಸಾ

ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ವ್ಯವಸ್ಥೆ ಸುಲಭ. ಆದರೆ ಕರಗಿಸಿದ ಚೀಸ್‌ನ ಜನಪ್ರಿಯ ಖಾದ್ಯ ಫಾಂಡ್ಯೂಗೆ ಸಾಮಾನ್ಯವಾಗಿ ಬಿಳಿ ವೈನ್ ಬೆರೆಸುತ್ತಾರೆ. ಗ್ರುಯೇರ್‌ನಂತಹ ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ಕಿಣ್ವವನ್ನು ಬಳಸಲಾಗುತ್ತದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇದನ್ನು ಅರಿತಿರಬೇಕು. ಆಲೂಗಡ್ಡೆಯನ್ನು ತುರಿದು ಹುರಿಯುವ ರೋಸ್ಟಿ ನಮ್ಮವರ ನಾಲಿಗೆಗೆ ಹಿಡಿಸಬಹುದಾದರೂ, ಅದರಲ್ಲಿ ಮಾಂಸದ ಚೂರುಗಳಿಲ್ಲವೆಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹದಿನೈದು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ವೀಸಾಕ್ಕೆ ಸಾಕಾಗುವ ವಿಮೆಯಲ್ಲಿ ಸ್ಕೀಯಿಂಗ್ ಗಾಯ, ಹೆಲಿಕಾಪ್ಟರ್ ರಕ್ಷಣೆ ಸೇರಿರಲೇಬೇಕೆಂದಿಲ್ಲ. ಮೊದಲೇ ಇರುವ ಕಾಯಿಲೆಗಳ ಷರತ್ತನ್ನೂ ಓದಿಯೇ ಸಹಿ ಹಾಕಬೇಕು.

ಹಿಮದ ಮೇಲೆ ಜಾರುವ ಆಸೆಯಷ್ಟೇ ಇದ್ದರೆ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ನಮ್ಮ ದೇಶದಲ್ಲಿಯೇ ಇವೆ. ಅಲ್ಲಿಯೂ ಎತ್ತರದ ನಿಯಮ ಇದೇ. ಗಾರ್ನರ್‌ಗ್ರಾಟ್‌ನ ಕಿಟಕಿಯಿಂದ ಸೂರ್ಯೋದಯ ನೋಡುವುದು ಜೀವನದಲ್ಲೊಮ್ಮೆ ದೊರೆಯುವ ಭಾಗ್ಯವಾಗಿರಬಹುದು. ಆದರೆ ಹೆತ್ತವರನ್ನು ಅಲ್ಲಿಗೆ ಕಳುಹಿಸುವವರು ಟಿಕೆಟ್ಟಿನ ಬೆಲೆಗಿಂತ ಮೊದಲು ವಿಚಾರಿಸಬೇಕಾದುದು ಒಂದೇ: ರಾತ್ರಿ ಮಲಗುವ ಕೊಠಡಿ ಎಷ್ಟು ಎತ್ತರದಲ್ಲಿದೆ?