ಕಥೆಯ ಹೆಸರು, ಸರಕಿನ ಹೆಸರು

ಮಾರ್ಚ್ 31ರ ದಾಸ್ತಾನನ್ನು ಪರಿಶೀಲಿಸುವಾಗ ಲೆಕ್ಕಪರಿಶೋಧಕರು ಪಾಲಿಸಬೇಕಾದ ನಿಯಮವೊಂದಿದೆ. ಸರಕಿನ ವೆಚ್ಚ ಹಾಗೂ ಅದರ ಮಾರಾಟದಿಂದ ಬರಬಹುದಾದ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಮೌಲ್ಯವೆಂದು ಬರೆಯತಕ್ಕದ್ದು. ಕೆಲವು ವರ್ಷಗಳ ಹಿಂದೆ ಶಾಲಾ ನೋಟ್‌ಪುಸ್ತಕ ತಯಾರಿಸುವ ನನ್ನ ಕಕ್ಷಿದಾರರೊಬ್ಬರ ಗೋದಾಮಿನಲ್ಲಿ ಈ ನಿಯಮವನ್ನು ಅನ್ವಯಿಸುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಕಾಗದ ಒಳ್ಳೆಯದು, ಹೊಲಿಗೆ ಗಟ್ಟಿ. ಆದರೆ ಮುಖಪುಟದ ಮೇಲೆ ಟಿ.ವಿ.ಯಲ್ಲಿ ಮಕ್ಕಳು ಮೆಚ್ಚಿದ ಕಾರ್ಟೂನ್ ಪಾತ್ರವೊಂದರ ಚಿತ್ರವಿತ್ತು. ಹೆಸರಿನಲ್ಲಿ ಒಂದಕ್ಷರ ಮಾತ್ರ ಬದಲಾಗಿತ್ತು. ಜೂನ್ ಹಂಗಾಮಿಗೆಂದು ಬ್ಯಾಂಕ್ ಸಾಲ ತಂದು ತಯಾರಿಸಿದ ಸರಕು, ವಕೀಲರ ನೋಟಿಸು ಬಂದುದರಿಂದ ಅಂಗಡಿಗಳಿಂದ ಹಿಂದಿರುಗಿ ಬಂದು ಗೋದಾಮಿನಲ್ಲಿ ಉಳಿದಿತ್ತು. ಅದನ್ನು ರದ್ದಿ ಕಾಗದದ ಬೆಲೆಗೆ ಬರೆಯಬೇಕಾಯಿತು. "ಒಂದಕ್ಷರ ಬೇರೆ ಇದೆಯಲ್ಲ ಸರ್, ಆದರೂ ತಪ್ಪೇ?" ಎಂದು ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ.

ಎರಡು ಕಾಯಿದೆ, ಎರಡು ಪ್ರಶ್ನೆ

ಈ ವಿಷಯದಲ್ಲಿ ಎರಡು ಪ್ರತ್ಯೇಕ ಕಾಯಿದೆಗಳಿವೆ. 1957ರ ಕೃತಿಸ್ವಾಮ್ಯ ಕಾಯಿದೆಯು ಕಥೆ, ಚಿತ್ರ, ಚಲನಚಿತ್ರ ಮೊದಲಾದ ಕೃತಿಗಳನ್ನು ರಕ್ಷಿಸುತ್ತದೆ. 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ 1999ರ ಟ್ರೇಡ್‌ಮಾರ್ಕ್ ಕಾಯಿದೆಯು ಸರಕು ಯಾರದೆಂದು ಗ್ರಾಹಕನಿಗೆ ತಿಳಿಸುವ ಹೆಸರು ಮತ್ತು ಚಿಹ್ನೆಗಳನ್ನು ರಕ್ಷಿಸುತ್ತದೆ. ಮೊದಲನೆಯದು "ಇದನ್ನು ರಚಿಸಿದವರು ಯಾರು?" ಎಂದು ಕೇಳಿದರೆ, ಎರಡನೆಯದು "ಇದನ್ನು ಕಂಡ ಗ್ರಾಹಕನು ಯಾರ ಸರಕೆಂದು ಭಾವಿಸುತ್ತಾನೆ?" ಎಂದು ಕೇಳುತ್ತದೆ. ಒಂದರಿಂದ ಪಾರಾದ ಮಾತ್ರಕ್ಕೆ ಇನ್ನೊಂದರಿಂದಲೂ ಪಾರಾದಂತಲ್ಲ.

ಕೃತಿಯ ಶೀರ್ಷಿಕೆಗೆ ತನ್ನಷ್ಟಕ್ಕೆ ಕೃತಿಸ್ವಾಮ್ಯವಿಲ್ಲ. 'ದೇಸಿ ಬಾಯ್ಸ್' ಎಂಬ ಚಲನಚಿತ್ರದ ಹೆಸರಿನ ಬಗ್ಗೆ ಎದ್ದ ವಿವಾದದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಆದರೆ ಹೆಸರಿನ ಹಿಂದೆ ಬರುವ ಚಿತ್ರ, ಸಂಭಾಷಣೆ, ಕಥಾಭಾಗಗಳ ಮಾತು ಬೇರೆ. ನಮ್ಮ ಮೈಸೂರಿನವರೇ ಆದ ಆರ್.ಕೆ. ನಾರಾಯಣ್ ಅವರ ಮಾಲ್ಗುಡಿಯನ್ನು ಉದಾಹರಣೆಯಾಗಿ ನೋಡೋಣ. ತಿಂಡಿಯ ಪೊಟ್ಟಣಕ್ಕೆ ಆ ಹೆಸರಿಡುವವರು ಟ್ರೇಡ್‌ಮಾರ್ಕ್ ದಾಖಲೆಯಲ್ಲಿ ಅದು ಈಗಾಗಲೇ ಬೇರೆಯವರದಾಗಿದೆಯೇ ಎಂದು ನೋಡಬೇಕು. ಅದೇ ಪೊಟ್ಟಣದ ಮೇಲೆ ಅವರ ಸಹೋದರ ಆರ್.ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರವನ್ನು ಅನುಮತಿಯಿಲ್ಲದೆ ಅಚ್ಚು ಹಾಕಿದರೆ ಅದು ನೇರವಾಗಿ ಕೃತಿಸ್ವಾಮ್ಯದ ಉಲ್ಲಂಘನೆ. ಲೇಖಕ ಅಥವಾ ಕಲಾವಿದರು ತೀರಿಕೊಂಡ ವರ್ಷದ ಮರುವರ್ಷದಿಂದ 60 ವರ್ಷಗಳ ಕಾಲ ಹಕ್ಕು ಉಳಿಯುತ್ತದೆ. ನಾರಾಯಣ್ 2001ರಲ್ಲಿ ನಿಧನರಾದುದರಿಂದ ಅವರ ಕೃತಿಗಳ ಹಕ್ಕು 2061ರ ಕೊನೆಯವರೆಗೆ, ಲಕ್ಷ್ಮಣ್ 2015ರಲ್ಲಿ ನಿಧನರಾದುದರಿಂದ ಅವರ ಚಿತ್ರಗಳ ಹಕ್ಕು 2075ರ ಕೊನೆಯವರೆಗೆ ಇರುತ್ತದೆ. 1946ರಲ್ಲಿ ನಿಧನರಾದ ಟಿ.ಪಿ. ಕೈಲಾಸಂ ಅವರ ನಾಟಕಗಳ ಹಕ್ಕು 2006ರ ಕೊನೆಗೇ ಮುಗಿದಿದೆ.

ಒಂದಕ್ಷರ ಬದಲಿಸಿದರೆ ಸಾಕೇ?

1990ರ ದಶಕದಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದ ಒಂದು ಪ್ರಕರಣ ಇದಕ್ಕೆ ಉತ್ತರ ನೀಡುತ್ತದೆ. ಒಂದು ಪ್ರಕಾಶನ ಸಂಸ್ಥೆಯ 'ನಾಗರಾಜ್' ಎಂಬ ಕಾಮಿಕ್ ಪಾತ್ರ ಜನಪ್ರಿಯವಾಗಿತ್ತು. ಇನ್ನೊಂದು ಸಂಸ್ಥೆ 'ನಾಗೇಶ್' ಎಂಬ ಪಾತ್ರವನ್ನು ತಂದಿತು. ಹೆಸರುಗಳು ಬೇರೆಯಾದರೂ ಎರಡೂ ಸರ್ಪಗಳ ಒಡೆಯನ ಕಲ್ಪನೆಯವೇ, ರೂಪದಲ್ಲಿಯೂ ಹೋಲಿಕೆಯಿತ್ತು. ನ್ಯಾಯಾಲಯ ತಡೆಯಾಜ್ಞೆ ನೀಡಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 2008ರಲ್ಲಿ 'ಹರಿ ಪುತ್ತರ್' ಎಂಬ ಹಿಂದಿ ಚಿತ್ರದ ವಿರುದ್ಧ 'ಹ್ಯಾರಿ ಪಾಟರ್' ಚಿತ್ರಗಳ ನಿರ್ಮಾಪಕರು ಅದೇ ಹೈಕೋರ್ಟಿಗೆ ಹೋದಾಗ ತಡೆಯಾಜ್ಞೆ ದೊರೆಯಲಿಲ್ಲ. ಹ್ಯಾರಿ ಪಾಟರ್ ಓದಿ ಬಲ್ಲವರು ಎರಡರ ವ್ಯತ್ಯಾಸವನ್ನು ಗುರುತಿಸಬಲ್ಲರು ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ದೂರುದಾರರ ವಿಳಂಬವೂ ಅವರಿಗೆ ಮುಳುವಾಯಿತು. ಆದರೆ ಇದನ್ನು ನಂಬಿ ಧೈರ್ಯ ಮಾಡುವ ಸಣ್ಣ ಉದ್ಯಮಿಯು ಒಂದು ಮಾತನ್ನು ಗಮನಿಸಬೇಕು. ಗೆಲುವು ಸಾಧ್ಯವಿದ್ದರೂ ಅದಕ್ಕಾಗುವ ವಕೀಲರ ವೆಚ್ಚ ಮತ್ತು ಕೈತಪ್ಪಿದ ಹಂಗಾಮು ಹಿಂದಿರುಗುವುದಿಲ್ಲ. ಮೇಲಾಗಿ, ತಿಳಿದೂ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದವರಿಗೆ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಇದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪು ನೀಡಿದೆ.

ಪುರಾಣದ ಹೆಸರು ಎಲ್ಲರದು

"ಹಾಗಾದರೆ ರಾಮಾಯಣ, ಮಹಾಭಾರತಗಳಿಂದ ಹೆಸರು ತೆಗೆದುಕೊಂಡರಾಯಿತು, ಅವುಗಳಿಗೆ ಒಡೆಯರಿಲ್ಲವಲ್ಲ" ಎಂದು ಹಲವರು ಯೋಚಿಸುತ್ತಾರೆ. ಬಳಸಲು ಅಡ್ಡಿಯಿಲ್ಲದಿರಬಹುದು, ಆದರೆ ತನ್ನದಾಗಿಸಿಕೊಳ್ಳುವುದು ಸುಲಭವಲ್ಲ. ಅಗರಬತ್ತಿ ಉದ್ಯಮಕ್ಕೆ ಹೆಸರಾದ ಮೈಸೂರು, ಬೆಂಗಳೂರುಗಳ ತಯಾರಕರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಪಾಟ್ನಾದ ವ್ಯಾಪಾರಿಯೊಬ್ಬರು ಅಗರಬತ್ತಿ ಮತ್ತು ಸುಗಂಧ ದ್ರವ್ಯಗಳಿಗಾಗಿ 'ರಾಮಾಯಣ' ಎಂಬ ಹೆಸರನ್ನು ಕಿರೀಟದ ಚಿತ್ರದೊಡನೆ ನೋಂದಾಯಿಸಲು ಕೋರಿದ್ದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪವಿತ್ರ ಗ್ರಂಥದ ಹೆಸರನ್ನು ಯಾರೊಬ್ಬರೂ ತಮ್ಮ ಸರಕಿಗೆ ಮಾತ್ರ ಮೀಸಲೆಂದು ಹೇಳಿಕೊಳ್ಳಲಾಗದು ಎಂದು 2015ರ ಅಕ್ಟೋಬರ್‌ನಲ್ಲಿ ತೀರ್ಪಾಯಿತು. ಹಿಂದೆ ಅಥವಾ ಮುಂದೆ ಬೇರೆ ಪದ ಸೇರಿ ಒಟ್ಟು ಹೆಸರು ಗ್ರಂಥದ ಹೆಸರಾಗಿ ಉಳಿಯದಿದ್ದರೆ ಮಾತ್ರ ನೋಂದಣಿಗೆ ಅವಕಾಶವಿರಬಹುದೆಂದೂ ನ್ಯಾಯಾಲಯ ಸೂಚಿಸಿತು. ಅಂದರೆ ನೀವು ಹತ್ತು ವರ್ಷ ಶ್ರಮಪಟ್ಟು ಬೆಳೆಸಿದ ಅಂತಹ ಹೆಸರನ್ನು ನಾಳೆ ಪಕ್ಕದ ಬೀದಿಯವರೂ ಬಳಸಿದರೆ ತಡೆಯುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ಕೃತಿಸ್ವಾಮ್ಯಕ್ಕೆ ಅವಧಿಯಿದೆ, ಟ್ರೇಡ್‌ಮಾರ್ಕನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತ ಎಷ್ಟು ಕಾಲವಾದರೂ ಉಳಿಸಿಕೊಳ್ಳಬಹುದು. ಮಿಕ್ಕಿ ಮೌಸ್ ಕಾಣಿಸಿಕೊಂಡ 1928ರ 'ಸ್ಟೀಮ್‌ಬೋಟ್ ವಿಲ್ಲಿ' ಚಿತ್ರದ ಕೃತಿಸ್ವಾಮ್ಯ ಅಮೆರಿಕದಲ್ಲಿ 2024ರ ಜನವರಿ 1ರಂದು ತೆರವಾಯಿತು. ಆದರೆ ಮುಕ್ತವಾದದ್ದು ಆ ಹಳೆಯ ಚಿತ್ರದಲ್ಲಿನ ರೂಪ ಮಾತ್ರ. ಡಿಸ್ನಿ ಸಂಸ್ಥೆಯ ಟ್ರೇಡ್‌ಮಾರ್ಕ್ ಹಕ್ಕು ಹಾಗೆಯೇ ಇದೆ.

ಅಚ್ಚಿಗೆ ಕೊಡುವ ಮುನ್ನ

ಸದಸ್ಯ ಬಾಂಧವರು ಅನುಸರಿಸಬಹುದಾದ ಕೆಲವು ಕ್ರಮಗಳು ಹೀಗಿವೆ:

1. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ನಿಮ್ಮ ಸರಕಿನ ವರ್ಗದಡಿ ಹೆಸರನ್ನು ಹುಡುಕಿರಿ. ಅಗರಬತ್ತಿ 3ನೇ ವರ್ಗ, ನೋಟ್‌ಪುಸ್ತಕ 16, ಸಿದ್ಧ ಉಡುಪು 25, ಆಟಿಕೆ 28. ಉಚ್ಚಾರಣೆಯಲ್ಲಿ ಹೋಲುವ ಹೆಸರುಗಳನ್ನೂ ನೋಡತಕ್ಕದ್ದು.

2. ಪರರ ಪಾತ್ರ ಬೇಕೇ ಬೇಕೆಂದಾದರೆ ಹಕ್ಕುದಾರರಿಂದ ಲಿಖಿತ ಪರವಾನಗಿ ಪಡೆಯಿರಿ. ರಾಯಧನವನ್ನು ಸರಕಿನ ವೆಚ್ಚದಲ್ಲಿ ಸೇರಿಸಿ ಬೆಲೆ ನಿಗದಿಮಾಡಿರಿ.

3. ಸ್ವಂತ ಪಾತ್ರ ಬರೆಸುವಾಗ ಕಲಾವಿದರಿಗೆ ಹಣ ಕೊಟ್ಟ ರಸೀದಿಯಷ್ಟೇ ಸಾಲದು. ಹಕ್ಕು ಹಸ್ತಾಂತರ ಪತ್ರಕ್ಕೆ ಅವರ ಸಹಿ ಇರಬೇಕು. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ರಫ್ತುದಾರರು ಇದನ್ನು ಮರೆಯಬಾರದು.

4. ಹೆಸರು ಬಳಸಿದ ಮೊದಲ ಬಿಲ್ಲು, ಮೊದಲ ಜಾಹೀರಾತುಗಳನ್ನು ಜೋಪಾನವಾಗಿಡಿರಿ. ವಿವಾದ ಬಂದಾಗ ಯಾರು ಮೊದಲು ಬಳಸಿದರೆಂಬುದಕ್ಕೆ ಅವೇ ಸಾಕ್ಷಿ.

5. ಕೂಡಲೇ ನೋಂದಣಿಗೆ ಅರ್ಜಿ ಹಾಕಿರಿ. 2017ರ ನಿಯಮಗಳಲ್ಲಿ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಒಂದು ವರ್ಗಕ್ಕೆ ಆನ್‌ಲೈನ್ ಅರ್ಜಿಯ ಶುಲ್ಕ 4,500 ರೂಪಾಯಿ. ದೊಡ್ಡ ಸಂಸ್ಥೆಗಳಿಗೆ ಅದರ ಇಮ್ಮಡಿ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ.

ನನ್ನ ಕಕ್ಷಿದಾರರು ಆ ನಷ್ಟವನ್ನು ತುಂಬಿಕೊಳ್ಳಲು ಮೂರು ವರ್ಷ ಹಿಡಿಯಿತು. ಅನಂತರ ಅವರು ತಮ್ಮ ಊರಿನ ಚಿತ್ರಕಲಾ ಶಿಕ್ಷಕರಿಂದ ಒಂದು ಅಳಿಲಿನ ಚಿತ್ರ ಬರೆಸಿ, ಹಕ್ಕುಪತ್ರಕ್ಕೆ ಸಹಿ ಪಡೆದು, ಅದಕ್ಕೆ ತಾವೇ ಒಂದು ಹೆಸರಿಟ್ಟು ನೋಂದಾಯಿಸಿದರು. ಟಿ.ವಿ.ಯ ಪಾತ್ರದಷ್ಟು ಬೇಗನೆ ಅದು ಮಕ್ಕಳ ಮನಸ್ಸನ್ನು ಗೆಲ್ಲಲಿಲ್ಲ. ಆದರೆ ಈಗ ತಾಲ್ಲೂಕಿನ ಅಂಗಡಿಗಳಲ್ಲಿ ಮಕ್ಕಳು "ಅಳಿಲಿನ ಪುಸ್ತಕ" ಎಂದೇ ಕೇಳುತ್ತಾರೆ. ಕಳೆದ ಮಾರ್ಚ್ 31ರಂದು ಅವರ ಗೋದಾಮಿನಲ್ಲಿ ಉಳಿದಿದ್ದ ಪ್ರತಿಯೊಂದು ಪುಸ್ತಕವನ್ನೂ ನಾನು ಪೂರ್ಣ ವೆಚ್ಚದ ಬೆಲೆಗೇ ಬರೆದೆನು.