ಮನೆಯ ಯಂತ್ರಕ್ಕೆ ತುಂತುರು ತಂಪು

ಬೇಸಗೆಯಲ್ಲಿ 40 ಡಿಗ್ರಿಗೂ ಮಿಕ್ಕ ತಾಪವನ್ನು ಕಾಣುವ ಕಲಬುರಗಿಯ ಗೃಹಸ್ಥರಿಗೆ ಆವಿಯ ಉಪಕಾರವನ್ನು ಹೊಸದಾಗಿ ವರ್ಣಿಸಬೇಕಾದುದಿಲ್ಲ. ಮಣ್ಣಿನ ಗಡಿಗೆಯ ಮೈಯಿಂದ ಒಸರುವ ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಸೆಳೆದುಕೊಳ್ಳುವುದು. ಉಳಿದ ನೀರು ತಣ್ಣಗಾಗುವುದು. ಬಾಗಿಲಿಗೆ ಕಟ್ಟುವ ಲಾವಂಚದ ತಟ್ಟಿಯೂ ಕಿಟಕಿಯಲ್ಲಿರಿಸುವ ಕೂಲರೂ ಈ ಒಂದೇ ತತ್ತ್ವದಿಂದ ನಡೆಯತಕ್ಕವು. ಇದೇ ತತ್ತ್ವವನ್ನು ಲೋಹ ಕಡಿಯುವ ಯಂತ್ರಕ್ಕೆ ಹೊಂದಿಸಿದ ಉಪಕರಣವೊಂದನ್ನು ಮನೆಯಲ್ಲಿಯೇ ರಚಿಸಿಕೊಳ್ಳುವ ಬಗೆಯನ್ನೂ, ಅದರಲ್ಲಿ ಅಡಗಿರುವ ಅಪಾಯವನ್ನೂ ವಾಚಕರಿಗೆ ತಿಳಿಸಬೇಕೆಂಬುದು ನಮ್ಮ ಉದ್ದೇಶ.

ನಮ್ಮಲ್ಲಿ ಹಿಂದೆ ಸಂಸ್ಕೃತವನ್ನೋದಿದ ತರುಣನೊಬ್ಬನ ಮನೆಯು ತೊಗರಿಯ ವ್ಯಾಪಾರಕ್ಕೆ ಹೆಸರಾದ ನೆಹರು ಗಂಜಿನ ಹಿಂದಣ ಓಣಿಯಲ್ಲಿದೆ. ಗಂಜಿನಲ್ಲಿ ಮಿಲ್ ಎಂದರೆ ಬೇಳೆ ಒಡೆಯುವ ಗಿರಣಿಯೆಂದೇ ಎಲ್ಲರೂ ತಿಳಿಯುವರು. ಈತನ ಮನೆಯಲ್ಲಿರುವ ಮಿಲ್ಲಿಂಗ್ ಯಂತ್ರವು ಬೇರೆಯೇ ಜಾತಿಯದು. ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ, ಉಳಿಯು ನಿಂತಿರುತ್ತದೆ. ಮಿಲ್ಲಿಂಗ್ ಯಂತ್ರದಲ್ಲಿಯಾದರೋ ಹಲ್ಲುಳ್ಳ ಕಟರೇ ತಿರುಗುತ್ತದೆ, ಲೋಹವು ಅದರ ಬಾಯಿಗೆ ಮೆಲ್ಲಮೆಲ್ಲನೆ ಸರಿಯುತ್ತದೆ. ಮೇಜಿನ ಮೇಲೆ ಹಿಡಿಸುವಂತಹ ಒಂದು ಚಿಕ್ಕ ಯಂತ್ರವನ್ನು ಕೊಂಡುಕೊಂಡು, ಬಿಡುವಿನ ವೇಳೆಯಲ್ಲಿ ಅಲ್ಯುಮಿನಿಯಮ್ಮಿನ ಸಣ್ಣ ಗಾಲಿಗಳನ್ನೂ ಆಟಿಕೆಯ ಎಂಜಿನುಗಳ ಭಾಗಗಳನ್ನೂ ಮಾಡುವುದು ಆತನ ವಿನೋದ. ಅಡಿಗೆಮನೆಯ ಮಗ್ಗುಲಿನ ಕೋಣೆಯೇ ಆತನ ಕಾರ್ಖಾನೆ.

ಲೋಹವನ್ನು ಕಡಿಯುವಾಗ ಖರ್ಚಾದ ಶಕ್ತಿಯ ಬಹುಭಾಗವು ಶಾಖವಾಗಿ ಪರಿಣಮಿಸುವುದು. ಚೂರು ಹುಟ್ಟಿದೊಡನೆ ಹೊರಬಿದ್ದರೆ ಶಾಖದ ದೊಡ್ಡ ಪಾಲನ್ನು ಅದೇ ಹೊತ್ತೊಯ್ಯುವುದು. ಅದು ಗಾಡಿಯಲ್ಲಿಯೇ ಉಳಿದು ಮತ್ತೆ ಮತ್ತೆ ಹಲ್ಲಿಗೆ ಸಿಕ್ಕಿದರೆ ಕಟರು ಕಾಯುವುದು. ಮೃದುವಾದ ಅಲ್ಯುಮಿನಿಯಮ್ಮು ಆಗ ಹಲ್ಲುಗಳಿಗೆ ಮೆತ್ತಿಕೊಂಡು, ಹಲ್ಲಿನ ಸಂದುಗಳೆಲ್ಲ ಮುಚ್ಚಿ, ಕಟರು ಫಕ್ಕನೆ ಮುರಿಯುವುದೂ ಉಂಟು. ನಮ್ಮ ಶಿಷ್ಯನು ಹೀಗೆ ಹಲವು ಕಟರುಗಳನ್ನು ಕಳೆದುಕೊಂಡ ತರುವಾಯವೇ ತಂಪಿನ ಯೋಚನೆಗೆ ತೊಡಗಿದುದು.

ಈ ಯೋಚನೆಯು ಹೊಸದಲ್ಲ. ಅಮೆರಿಕದ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರನು ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಪ್ರಯೋಗಗಳನ್ನು ನಡೆಯಿಸಿ, ಚೂರು ಬೇರ್ಪಡುವ ಸ್ಥಾನಕ್ಕೇ ನೀರಿನ ದಪ್ಪ ಧಾರೆಯನ್ನು ಬಿಟ್ಟರೆ ಕಡಿಯುವ ವೇಗವನ್ನು ನೂರಕ್ಕೆ 30ರಿಂದ 40ರಷ್ಟು ಹೆಚ್ಚಿಸಬಹುದೆಂದು ಕಂಡುಕೊಂಡನು. 1884ರಲ್ಲಿ ಅಲ್ಲಿ ಕಟ್ಟಿದ ಹೊಸ ಯಂತ್ರಶಾಲೆಯಲ್ಲಿ ಪ್ರತಿಯೊಂದು ಯಂತ್ರವನ್ನೂ ಕಬ್ಬಿಣದ ತಟ್ಟೆಯಲ್ಲಿ ನಿಲ್ಲಿಸಿ, ತುಕ್ಕು ಹಿಡಿಯದಂತೆ ಸೋಡಾ ಕರಗಿಸಿದ ನೀರನ್ನು ಹರಿಯಿಸುತ್ತಿದ್ದರು. ಈ ಸಂಗತಿಗಳನ್ನು ಅವನು 1906ರಲ್ಲಿ ಲೋಹ ಕಡಿಯುವ ಕಲೆಯನ್ನು ಕುರಿತ ತನ್ನ ದೀರ್ಘ ಪ್ರಬಂಧದಲ್ಲಿ ವಿವರಿಸಿರುವನು. ನಮ್ಮ ನಾಡಿನಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆಯು ತಯಾರಿಸಿದಂತಹ ದೊಡ್ಡ ಯಂತ್ರಗಳಿಗೆ ತೊಟ್ಟಿ, ಪಂಪು, ಧಾರೆ ಇವೆಲ್ಲ ಸಲ್ಲುವುವು. ವಾಸದ ಮನೆಯ ಕೋಣೆಯಲ್ಲಿ ಧಾರೆಯನ್ನು ಬಿಟ್ಟರೆ ಗೋಡೆ ನೆಲಗಳೆಲ್ಲ ಎಣ್ಣೆನೀರಿನಿಂದ ತೊಯ್ಯುವುವಷ್ಟೆ. ಆದುದರಿಂದಲೇ ಚಿಕ್ಕ ಯಂತ್ರದವರು ಧಾರೆಗೆ ಬದಲಾಗಿ ತುಂತುರನ್ನು ಆಶ್ರಯಿಸಿರುವುದು.

ತುಂತುರಿನ ಬಲವೆಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 70 ಕ್ಯಾಲೊರಿ ಶಾಖ ಸಾಕು; ಅದೇ ನೀರನ್ನು ಆವಿ ಮಾಡಲು ಮತ್ತೆ 540 ಕ್ಯಾಲೊರಿ ಬೇಕು. ಗಂಟೆಗೆ 60 ಗ್ರಾಂ ನೀರು ಹೀಗೆ ಪೂರ್ತಿ ಆವಿಯಾದರೆ, ಹಿಂದಿನ 40 ವಾಟಿನ ವಿದ್ಯುದ್ದೀಪವೊಂದು ಸೂಸುತ್ತಿದ್ದಷ್ಟು ಶಾಖವನ್ನು ಅದು ಒಯ್ಯುವುದು. ಇದು ಅಲ್ಪವಲ್ಲ, ಆದರೆ ಯಂತ್ರದ ಶಾಖವನ್ನೆಲ್ಲ ಇದೊಂದೇ ಹೀರಿಬಿಡುವುದೆಂದು ಭಾವಿಸಲಾಗದು. ತುಂತುರಿನ ಜೊತೆಗೆ ಬೀಸುವ ಗಾಳಿಯು ಚೂರುಗಳನ್ನು ಹಾರಿಸುವುದು. ನೀರಿನಲ್ಲಿ ಬೆರೆತ ಎಣ್ಣೆಯು ಹಲ್ಲಿಗೆ ಲೋಹ ಮೆತ್ತದಂತೆ ತಡೆಯುವುದು. ಈ ಮೂರು ಕೂಡಿಯೇ ಕಾರ್ಯಸಿದ್ಧಿ.

ಇನ್ನು ರಚನೆ. ಮನೆಗಳಲ್ಲಿ ಸೊಳ್ಳೆಗೆ ಔಷಧ ಹೊಡೆಯುತ್ತಿದ್ದ ಫ್ಲಿಟ್ ಪಂಪನ್ನು ಹಿರಿಯರು ಮರೆತಿರಲಾರರು. ಇದು ಅದರ ತಮ್ಮನೇ ಸರಿ. ಫ್ರಿಜ್ಜು ರಿಪೇರಿಯವರಲ್ಲಿ ದೊರೆಯುವ, ಸುಮಾರು ಒಂದು ಮಿಲಿಮೀಟರಿನ ರಂಧ್ರವುಳ್ಳ ತಾಮ್ರದ ಸಣ್ಣ ನಳಿಗೆಯನ್ನು ಗೇಣುದ್ದಕ್ಕಿಂತ ಕಡಮೆಯಾಗಿ ಕತ್ತರಿಸಿಕೊಳ್ಳಬೇಕು. ಅದನ್ನು ಹಿತ್ತಾಳೆಯ ಮೂತಿಯೊಂದರ ನಟ್ಟನಡುವೆ, ತುದಿಯು ಕೂದಲೆಳೆಯಷ್ಟು ಹೊರಚಾಚುವಂತೆ ನಿಲ್ಲಿಸಬೇಕು. ಸುತ್ತಲಿನ ಸಂದಿನಿಂದ ಕಂಪ್ರೆಸರಿನ ಗಾಳಿಯು ನುಗ್ಗುವಾಗ ನಳಿಗೆಯ ತುದಿಯಲ್ಲಿ ಒತ್ತಡವು ಕುಗ್ಗಿ, ಬಾಟಲಿಯ ದ್ರವವು ತಾನಾಗಿ ಮೇಲೆದ್ದು ಹನಿಹನಿಯಾಗಿ ಒಡೆಯುವುದು. ಬಾಟಲಿಯಿಂದ ನಳಿಗೆಯವರೆಗೆ ಔಷಧದಂಗಡಿಯ ಹೊಸ ಸಲೈನ್ ಕೊಳವೆಯನ್ನು ಜೋಡಿಸಿದರೆ, ಅದರ ಮೇಲಿನ ಉರುಳೆಯ ಹಿಡಿಕೆಯೇ ದ್ರವವನ್ನು ಹೆಚ್ಚು ಕಡಮೆ ಮಾಡುವ ಕೀಲಾಗುವುದು. ದ್ರವದ ಮಟ್ಟವು ಮೂತಿಗಿಂತ ನಾಲ್ಕು ಬೆರಳು ಕೆಳಗಿರಲಿ. ಹಾಗಿದ್ದರೆ ಗಾಳಿ ನಿಂತೊಡನೆ ತೊಟ್ಟಿಕ್ಕುವುದೂ ನಿಲ್ಲುವುದು. ಬಾಟಲಿಯ ಮುಚ್ಚಳದಲ್ಲಿ ಗಾಳಿಯಾಡಲು ಒಂದು ತೂತು ಇರಲೇಬೇಕು. ಬಾಟಲಿಯೊಳಕ್ಕೆ ಕಂಪ್ರೆಸರಿನ ಗಾಳಿಯನ್ನು ತುಂಬಿ ದ್ರವವನ್ನು ತಳ್ಳುವ ಸಾಹಸವನ್ನು ಯಾರೂ ಮಾಡಬಾರದು. ಅದು ಸಿಡಿದರೆ ಕಣ್ಣಿಗೇ ಕುತ್ತು.

ಎಲ್ಲವನ್ನೂ ಹೀಗೆಯೇ ಜೋಡಿಸಿ, ಶಿಷ್ಯನು ನಮ್ಮನ್ನು ನೋಡಲು ಕರೆದನು. ಅವನು ಗಾಳಿಯ ಒತ್ತಡವನ್ನು 5 ಕಿಲೋಗ್ರಾಮಿಗೆ ಏರಿಸಿದ್ದನು. ಮೂತಿಯಿಂದ ಬಿಳಿಯ ಹೊಗೆಯಂತಹ ಮಂಜು ಹೊರಟು ದೀಪದ ಸುತ್ತಲೂ ಸುಳಿಯುತ್ತಿತ್ತು. “ನೋಡ್ರಿ ಸರ್, ಎಷ್ಟ್ ಛಂದ್ ಮಂಜ್ ಬರ್ಲಾಕತ್ತದ!” ಎಂದು ಅವನು ಹಿಗ್ಗಿದನು. ಅಷ್ಟರಲ್ಲಿ ಅವನ ತಾಯಿಯು ಬಾಗಿಲಲ್ಲಿ ನಿಂತು, “ಅಡಗಿ ಮನಿತನಾ ಎಣ್ಣಿ ವಾಸನಿ ಬರ್ಲಾಕತ್ತದ್ರಿ ಮಾಸ್ತರ್ರೆ. ರಾತ್ರಿಯೆಲ್ಲಾ ಇಂವ ಕೆಮ್ತಾನ. ನೀವಾರ ಹೇಳ್ರಿ” ಎಂದರು. ಯಂತ್ರವಿದ್ಯೆಯನ್ನು ಅರಿಯದ ಆ ತಾಯಿಯು ಉಪಕರಣದ ದೋಷವನ್ನು ನಮ್ಮಿಬ್ಬರಿಗಿಂತ ಮೊದಲೇ ಅರಿತಿದ್ದರು.

ಅಲ್ಲಿಯೇ ಕುಳಿತು ಒಂದು ಲೆಕ್ಕ ಹಾಕಿದೆವು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1998ರಲ್ಲಿ, ಲೋಹಗೆಲಸದ ದ್ರವಗಳ ಕಣಗಳು ಉಸಿರಾಡುವ ಗಾಳಿಯ ಒಂದು ಘನಮೀಟರಿನಲ್ಲಿ ಸರಾಸರಿ ಅರ್ಧ ಮಿಲಿಗ್ರಾಮನ್ನು ಮೀರಕೂಡದೆಂದು ಸಲಹೆಯಿತ್ತಿತು. ಆ ಕೋಣೆಯು 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಎಂದರೆ ಸುಮಾರು 34 ಘನಮೀಟರು. ಅಂತಹ ಕೋಣೆಗೆ ಮಿತಿಯು 17 ಮಿಲಿಗ್ರಾಮಾಯಿತು. ನೀರಿನ ಒಂದು ಹನಿಯೇ ಸುಮಾರು 50 ಮಿಲಿಗ್ರಾಂ ತೂಗುವುದು. ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ಎಣ್ಣೆಯ ಮಿಶ್ರಣವಾದುದರಿಂದ, ಏಳೇ ಏಳು ಹನಿ ಮಿಶ್ರಣದ ಎಣ್ಣೆಯು ಗಾಳಿಯಲ್ಲಿ ತೇಲಿ ನಿಂತರೂ ಮುಚ್ಚಿದ ಆ ಕೋಣೆಯು ಮಿತಿಯನ್ನು ಮುಟ್ಟುವುದು. ಗಂಟೆಗೆ 60 ಮಿಲಿಲೀಟರಿನಂತೆ ಬಿಟ್ಟರೆ ನಿಮಿಷಕ್ಕೆ 20 ಹನಿ; ಏಳು ಹನಿಗೆ ಅರ್ಧ ನಿಮಿಷವೂ ಬೇಡ! ಬಿಟ್ಟ ಹನಿಗಳೆಲ್ಲ ತೇಲುವುದಿಲ್ಲವೆಂಬುದು ನಿಜ. ದಪ್ಪ ಹನಿಗಳು ಲೋಹದ ಮೇಲೆ ಬಿದ್ದು ಕೆಲಸ ಮಾಡುವುವು. ಅತಿಸೂಕ್ಷ್ಮವಾದವು ಮಾತ್ರ ಯಂತ್ರಕ್ಕೂ ಉಪಯೋಗವಾಗದೆ, ಗಂಟೆಗಟ್ಟಲೆ ತೇಲಿ, ಶ್ವಾಸಕೋಶದ ಆಳಕ್ಕೆ ಇಳಿಯುವುವು.

ಸಂಸ್ಕೃತದಲ್ಲಿ ಗಾಳಿಗೆ ಚದರಿದ ನೀರಹನಿಯನ್ನು ಶೀಕರವೆಂದೂ ಮಂಜನ್ನು ನೀಹಾರವೆಂದೂ ಕರೆಯುವರು. “ಅಪ್ಪಾ, ನಿನಗೆ ಬೇಕಾದುದು ಶೀಕರ, ನೀನು ಮಾಡಿರುವುದು ನೀಹಾರ” ಎಂದು ನಾವು ಹೇಳಿದಾಗ, ಶಬ್ದಪಾಠವನ್ನು ಬಹುಕಾಲದ ಹಿಂದೆಯೇ ಮರೆತಿದ್ದ ಶಿಷ್ಯನಿಗೆ ಮರ್ಮವು ಹೊಳೆಯಿತು. ಒತ್ತಡವನ್ನು ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋಗ್ರಾಮಿಗೆ ಇಳಿಸಿದನು. ಮೂತಿಯನ್ನು ಕಟರಿನ ಹತ್ತಿರಕ್ಕೆ, ಎರಡು ಬೆರಳಿನಷ್ಟು ದೂರಕ್ಕೆ ತಂದನು. ಗುರುತು ಹಾಕಿದ ಬಾಟಲಿಯಲ್ಲಿ ಹತ್ತು ನಿಮಿಷಕ್ಕೆ 10 ಮಿಲಿಲೀಟರು ಇಳಿಯುವಂತೆ ಉರುಳೆಯನ್ನು ತಿರುಗಿಸಿದನು. ಆಗ ಕಣ್ಣಿಗೆ ಕಾಣುವ ಮಂಜು ಬಹುಮಟ್ಟಿಗೆ ಅಡಗಿತು. ಕರಿಯ ಕಾಗದವನ್ನು ಹಿಡಿದಾಗ ಅದರ ಮೇಲೆ ಬಿಡಿಬಿಡಿ ಹನಿಗಳು ಕಂಡವು. ಗಾಡಿಯು ಹೊಳಪಾಗಿ ಕಡಿಯಿತು, ಚೂರುಗಳು ಹಾರಿಹೋದವು. ಕಟರಿನ ಸುತ್ತ ಪಾರದರ್ಶಕ ಹಾಳೆಯ ಮರೆಯನ್ನು ಕಟ್ಟಿ, ಅದರ ಹಿಂದೆ ಹೊರಗೋಡೆಗೆ ಗಾಳಿ ಸೆಳೆಯುವ ಫ್ಯಾನನ್ನು ಕೂರಿಸಲಾಯಿತು. ಅಡಿಗೆಮನೆಯ ಕಡೆಯ ಬಾಗಿಲು ಕೆಲಸದ ವೇಳೆಯಲ್ಲಿ ಮುಚ್ಚಿಯೇ ಇರತಕ್ಕದ್ದೆಂದು ತಾಯಿಯವರು ವಿಧಿಸಿದರು. ಮೂಗಿಗೆ ಕಟ್ಟಿದ ಬಟ್ಟೆಯು ಫ್ಯಾನಿನ ಕೆಲಸವನ್ನು ಮಾಡಲಾರದು.

ಇನ್ನು ಕೆಲವು ಎಚ್ಚರಿಕೆಗಳುಂಟು. ಅಲ್ಯುಮಿನಿಯಮ್ಮಿಗೆ ಸೀಮೆಎಣ್ಣೆಯನ್ನು ಹಚ್ಚುವ ರೂಢಿಯು ಕೆಲವೆಡೆಗಳಲ್ಲಿದೆ. ಸೀಮೆಎಣ್ಣೆಯನ್ನಾಗಲಿ ಡೀಸೆಲನ್ನಾಗಲಿ ತುಂತುರು ಮಾಡಿದರೆ ಒಂದು ಕಿಡಿಗೆ ಕೋಣೆಯೇ ಹೊತ್ತಿಕೊಳ್ಳಬಹುದು. ಅದು ಸರ್ವಥಾ ವರ್ಜ್ಯ. ನೀರಿನಲ್ಲಿ ಬೆರೆಯುವ ಕಟಿಂಗ್ ಆಯಿಲನ್ನೇ ಬಳಸಬೇಕು. ಬೆರೆಸುವಾಗ ನೀರಿಗೆ ಎಣ್ಣೆಯನ್ನು ಹಾಕಬೇಕೇ ಹೊರತು ಎಣ್ಣೆಗೆ ನೀರನ್ನಲ್ಲ, ಇಲ್ಲವಾದರೆ ಮಿಶ್ರಣವು ಸರಿಯಾಗಿ ಕೂಡದು. ಬೋರಿನ ಗಡಸು ನೀರು ಮಿಶ್ರಣವನ್ನು ಒಡೆಯುವುದಲ್ಲದೆ ಸಣ್ಣ ನಳಿಗೆಯಲ್ಲಿ ಸುಣ್ಣ ಕಟ್ಟುವುದು. ಶುದ್ಧೀಕರಿಸಿದ ನೀರು ಮೇಲು. ಹಳಸಿದ ಮಿಶ್ರಣದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಎದೆಯ ರೋಗಕ್ಕೆ ಕಾರಣವಾಗುವುದರಿಂದ, ಬೇಕಾದಷ್ಟನ್ನೇ ಕೂಡಿಸಿಕೊಂಡು ಉಳಿದುದನ್ನು ಇಡದಿರುವುದು ಲೇಸು. ಬೀಡು ಕಬ್ಬಿಣಕ್ಕೆ ತುಂತುರು ಬೇಡ. ಅದರ ಪುಡಿಯು ನೀರಿನೊಡನೆ ಸೇರಿ ರಾಡಿಯಾಗುವುದು. ಹಿತ್ತಾಳೆಯನ್ನು ಒಣಗಿದಂತೆಯೇ ಕಡಿಯಬಹುದು. ಕಾರ್ಬೈಡಿನ ಕಟರಿನಿಂದ ಉಕ್ಕನ್ನು ಕಡಿಯುವಾಗ ಬರಿಯ ಗಾಳಿಯೇ ಉತ್ತಮ. ಕಾದ ಹಲ್ಲು ಒಮ್ಮೆಗೇ ತಣಿದರೆ ಬಿರಿಯುವುದು. ಕಣ್ಣಿಗೆ ಕನ್ನಡಕವೂ, ಮೋಟಾರು ಸ್ವಿಚ್ಚುಗಳಿಗೆ ಹನಿ ತಾಕದಂತೆ ಮರೆಯೂ ಅವಶ್ಯವೆಂದು ಬೇರೆ ಹೇಳಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಯಂತ್ರವನ್ನು ಒರಸಿ ಎಣ್ಣೆ ಸವರಿದರೆ ತುಕ್ಕಿನ ಭಯವಿಲ್ಲ.

ಮೊನ್ನೆ ಗಂಜಿನ ಕಡೆಗೆ ಹೋದಾಗ ಆ ಮನೆಗೆ ಹೋಗಿದ್ದೆವು. ಯಂತ್ರವು ನಡೆಯುತ್ತಿತ್ತು, ಪಕ್ಕದಲ್ಲಿ ಒಗ್ಗರಣೆಯ ವಾಸನೆಯೇ ಹೊರತು ಎಣ್ಣೆಮಂಜಿನ ವಾಸನೆ ಇರಲಿಲ್ಲ. ಶಿಷ್ಯನ ಕೆಮ್ಮೂ ತಗ್ಗಿದೆಯೆಂದು ತಾಯಿಯವರು ಹೇಳಿದರು. ಮನೆಯೊಳಗೆ ಉದ್ಯೋಗವನ್ನೋ ವಿನೋದವನ್ನೋ ಇಟ್ಟುಕೊಂಡ ಗೃಹಸ್ಥರು, ಯಂತ್ರಕ್ಕೆ ತಂಪಾಯಿತೇ ಎಂದು ಕೇಳುವುದರ ಜೊತೆಗೆ ಮನೆಯವರ ಉಸಿರಿಗೆ ಏನಾಯಿತೆಂದೂ ಕೇಳಿಕೊಳ್ಳಬೇಕೆಂದು ನಮ್ಮ ಬಿನ್ನಹ.